ಓಡಿಸಿದ ದೇಶಕ್ಕೆ ಮುಂಬಾಗಿಲಿಂದ

ನನ್ನ ಸೂಟ್‌ಕೇಸು ಅಟ್ಟ ಹತ್ತಿ ಕೂತದ್ದೇ ಇಲ್ಲ. ಹಾಗಾಗಿ ಶಿರಾದಿಂದ ಪಾವಗಡದವರೆಗೆ ಯಾರಿಗೆ ಪಾಸ್‌ಪೋರ್ಟಿನ ತಾಪತ್ರಯ ಬಂದರೂ ನನ್ನ ಬಾಗಿಲು ತಟ್ಟುತ್ತಾರೆ, ಏನಾದರೊಂದು ನಗೆಪಾಟಲು ನಡೆದೇ ತೀರುತ್ತದೆ. ರಾಯಚರ್ಲಿನ ನಮ್ಮ ಪಕ್ಕದ ಮನೆ ಅಕ್ಕನನ್ನು ಎರಡನೇ ಸಲ ವಿಮಾನ ಹತ್ತಿಸುವಾಗಲಂತೂ ಒಂದರ ಹಿಂದೊಂದು.

೧. ಪುಕ್ಕಟೆ ಪ್ರಯಾಣ

ಅಕ್ಕ ಕೊಲ್ಲಿಯ ಒಂದು ದೇಶದಲ್ಲಿ ಅಡುಗೆಗಿದ್ದವಳು. ವೀಸಾ ಒಂದು ಮನೆಯದು, ಒಲೆ ಹಚ್ಚಿದ್ದು ಇನ್ನೊಂದು ಮನೆಯಲ್ಲಿ. ಸಿಕ್ಕಿಬಿದ್ದಳು, ಗಡೀಪಾರು ಮಾಡಿದರು. ಕೆಲವು ವರ್ಷ ಇತ್ತ ತಲೆ ಹಾಕಬೇಡ ಎಂಬ ನಿಷೇಧ ಬೇರೆ.

ತಲೆ ತಗ್ಗಿಸಿಕೊಂಡು ಮನೆಗೆ ಬಂದವಳನ್ನು ಅತ್ತೆ ಕೇಳಿದಳು: "ಟಿಕೀಟಿಗೆ ಯಾರು ಕೊಟ್ರೇ?"

"ಅಲ್ಲಿನ ಸರ್ಕಾರದೋರೇ, ಅತ್ತೆ."

ಮುದುಕಿ ಬೀದಿಗೆಲ್ಲ ಕೇಳುವಂತೆ ಕೂಗಿದಳು: "ಬಸ್ಸು ಫ್ರೀ ಅಂತ ನೀವು ಇಷ್ಟು ಕುಣೀತೀರಲ್ರೇ, ನನ್ ಸೊಸೆಗೆ ಇಮಾನಾನೇ ಫ್ರೀ ಬುಟ್ಟವ್ರೆ!"

೨. ಹೊಸ ಹೆಸರು

ಅಕ್ಕ ಒಲೆ ಹಚ್ಚುತ್ತಿದ್ದ ಅಲ್ಲಿನ ಮನೆಯ ಅಜ್ಜಿ ಫೋನು ಮಾಡಿ, "ಯಾವಾಗ ಬರುತ್ತೀ?" ಎಂದು ಅಳುವುದು ನಿಂತಿರಲಿಲ್ಲ. ಅಕ್ಕನಿಗೂ ಒಂದೇ ಹಟ: "ಕಳ್ಳಿ ಹಂಗೆ ಕಳ್ಸವ್ರೆ. ಅದೇ ಬಾಗ್ಲಾಗೆ ತಲೆ ಎತ್ಕೊಂಡು ಹೋಗ್ಬೇಕು ಕಣಮ್ಮ."

ಗಂಡ ಅವಳನ್ನು ಶಿರಾದ ಏಜೆಂಟನ ಹತ್ತಿರ ಕರೆದೊಯ್ದ. ನಾನೂ ಹೋದೆ. ಏಜೆಂಟ್ ನಿಷೇಧದ ಮಾತು ಕೇಳಿ ನಕ್ಕ. "ಕಾಯೋದ್ಯಾಕೆ? ಹೆಸರು ಬದಲಾಯಿಸಿ ಹೊಸ ಪಾಸ್‌ಪೋರ್ಟ್ ಮಾಡಿಸ್ತೀನಿ. ಅಪ್ಪನ ಹೆಸರು, ಗಂಡನ ಹೆಸರು, ಎಲ್ಲಾ ಹೊಸದು."

"ಗಂಡನ್ನೂವಾ?" ಅಕ್ಕನ ಮುಖದಲ್ಲಿ ಮೊದಲ ಬಾರಿ ಆಸಕ್ತಿ ಕಂಡಿತು.

ಪಕ್ಕದಲ್ಲಿ ಕೂತಿದ್ದ ಗಂಡ ಧಡಕ್ಕನೆ ಎದ್ದ. "ನಡಿಯೇ ಮನೆಗೆ! ಕಾನೂನು ಅಂದ್ರೆ ಕಾನೂನು!"

೩. ನಡತೆಯ ವಿಚಾರಣೆ

ನಿಷೇಧ ಮುಗಿಯಿತು. ಈ ಸಲ ಅಜ್ಜಿಯ ಮನೆಯ ಹೆಸರಿಗೇ ವೀಸಾ ಆಗುವುದಿತ್ತು. ಅದಕ್ಕೆ ಪೊಲೀಸರ ಸರ್ಟಿಫಿಕೇಟು ಬೇಕು. ಕಾನ್‌ಸ್ಟೇಬಲ್ ಬಂದು ಎದುರುಮನೆಯವಳನ್ನು ಕೇಳಿದ: "ಈಯಮ್ಮ ಹೆಂಗೆ?"

ಎದುರುಮನೆಯವಳ ಮಗಳ ಮದುವೆ ಹತ್ತಿರವಿತ್ತು. ಅಡುಗೆಗೆ ಅಕ್ಕನನ್ನೇ ನೆಚ್ಚಿಕೊಂಡಿದ್ದಳು. "ಭಾರಿ ಜಗಳಗಂಟಿ ಸಾರ್! ಎಲ್ಲಿಗೂ ಕಳಿಸಬ್ಯಾಡಿ!" ಎಂದವಳೇ ಸೆರಗಲ್ಲಿ ಕಣ್ಣೊರೆಸಿಕೊಂಡಳು.

"ಜಗಳಗಂಟಿ ಹೋದ್ರೆ ಅಳೋರನ್ನ ನನ್ನ ಸರ್ವೀಸಲ್ಲೇ ನೋಡಿಲ್ಲ," ಎಂದು ಕಾನ್‌ಸ್ಟೇಬಲ್ 'ನಡತೆ ಉತ್ತಮ' ಅಂತ ಬರೆದುಕೊಂಡು ಹೋದ.

೪. ಗಡೀಪಾರಾದವಳು ನಾನೇ

ನನಗೂ ಆ ಕಡೆ ಕೆಲಸವಿತ್ತು, ಜೊತೆಗೇ ಹೊರಟೆ. ಅಲ್ಲಿಳಿದು ಅಕ್ಕ ಬೆರಳಿಟ್ಟರೆ ಯಂತ್ರ ಒಪ್ಪಲೊಲ್ಲದು! ಅಕ್ಕ ಹೊರಡುವ ತನಕ ಕೊರಟಗೆರೆಯ ಮಂಡಿಗೆ ಹುಣಸೆಹಣ್ಣು ಬಿಡಿಸಿದವಳು. ಹುಳಿಗೆ ಬೆರಳ ಗೆರೆಗಳೆಲ್ಲ ಸವೆದಿದ್ದವು.

ಗಾಜಿನಾಚೆಯ ಅಧಿಕಾರಿ ಹುಬ್ಬು ಗಂಟಿಕ್ಕಿದ. "ಹಿಂದೆ ನಾವು ಗಡೀಪಾರು ಮಾಡಿದ ಹೆಂಗಸಿನ ಪಾಸ್‌ಪೋರ್ಟು ಇದು. ಅವಳು ನೀನೇ ಅಂತ ಹೇಗೆ ನಂಬಲಿ? ವಾಪಸ್ ಕಳಿಸಬೇಕಾಗುತ್ತೆ."

ನಾನು ಅದನ್ನು ಕನ್ನಡಕ್ಕೆ ತಿರುಗಿಸಿದ್ದೇ ಅಕ್ಕ ಎದೆ ಬಡಿದುಕೊಂಡಳು. "ದೇವ್ರಾಣೆಗೂ ನಾನೇ ಕಣಪ್ಪಾ! ನೀವೇ ಓಡ್ಸಿ ನೀವೇ ಮರೆತ್ರೆ ಹೆಂಗೆ?"

ತಾವು ತಪ್ಪು ಮಾಡಿಲ್ಲವೆಂದು ಆಣೆ ಇಡುವವರನ್ನು ಎಷ್ಟೋ ಗಡಿಗಳಲ್ಲಿ ಕಂಡಿದ್ದೇನೆ. ಓಡಿಸಿಕೊಂಡದ್ದು ತಾನೇ ಎಂದು ಹೋರಾಡಿದವಳು ಇವಳೊಬ್ಬಳೇ.

ಅಷ್ಟರಲ್ಲಿ ದೂರದಲ್ಲೊಬ್ಬ ಪೊಲೀಸ್ ಹೆಂಗಸು ಕಂಡಳು. ಅಕ್ಕ ಕೂಗಿಕೊಂಡಳು: "ಲೇ ತಾಯಿ! ಅವತ್ತು ನನ್ನ ರಟ್ಟೆ ಹಿಡ್ಕೊಂಡು ಇಮಾನ ಹತ್ಸಿದ್ದು ನೀನೇ ಅಲ್ವಾ? ಬಾ, ಸಾಕ್ಷಿ ಹೇಳು!"

ಆಕೆ ಬಂದು ನೋಡಿ, ಗುರುತು ಹಿಡಿದು ಬಿದ್ದು ಬಿದ್ದು ನಕ್ಕಳು. ಅಧಿಕಾರಿಗೆ ಏನೋ ಹೇಳಿದಳು. ಹಳೆಯ ಫೋಟೋ ತೆಗೆಸಿ ನೋಡಿದರು. ಠಪ್ಪೆಂದು ಮುದ್ರೆ ಬಿತ್ತು.

ನಾನು ಉಸಿರು ಬಿಟ್ಟು ಹೊರಟರೆ ಅಕ್ಕ ಕದಲಲಿಲ್ಲ. ಪೊಲೀಸಮ್ಮನ ಎರಡೂ ಕೈ ಹಿಡಿದುಕೊಂಡು ನಿಧಾನವಾಗಿ ಬುದ್ಧಿ ಹೇಳತೊಡಗಿದಳು:

"ಓಡ್ಸೋದು ನಿನ್ ಕೆಲ್ಸ, ಬ್ಯಾಡ ಅನ್ನಲ್ಲ. ಆದ್ರೆ ಹೆಣ್ಮಗಳನ್ನ ಮಡ್ಲು ತುಂಬ್ದೆ ಕಳ್ಸೋದು ಯಾವೂರ ನ್ಯಾಯ ಕಣಮ್ಮ? ಇನ್ನೊಂದ್ಸಲ ಓಡ್ಸೋವಾಗ ಒಂದ್ ಸೇರು ಅಕ್ಕಿ, ಕೊಬ್ರಿಗಿಟುಕಾದ್ರೂ ರೆಡಿ ಮಡಿಕ್ಕೊಂಡಿರು."