ತೊಂಬತ್ತೆರಡರ ಆತ್ಮಾರಾಮ

ಆತ್ಮಾರಾಮನ ನೆಮ್ಮದಿ ಕೆಡಿಸಿದ್ದು ಒಂದು ಸಂಖ್ಯೆ. ಅದೂ ದೊಡ್ಡದೇನಲ್ಲ, ನೂರರೊಳಗಿನದು.

ಭಾನುವಾರ ಬೆಳಿಗ್ಗೆ ಅವನು ತಾಂಡೂರಿನ ತನ್ನ ಮನೆಯ ಅಂಗಳದಲ್ಲಿ ಹಲ್ಲುಜ್ಜುತ್ತಿದ್ದ. ಕಾಲೊನಿಯ ವಾಕಿಂಗ್ ಸಂಘದ ಅಧ್ಯಕ್ಷ ಪಾಂಡಪ್ಪನವರು ಗೇಟು ತಳ್ಳಿಕೊಂಡು ಒಳಗೆ ಬಂದರು. ಅವರ ಮುಖ ಹರಳೆಣ್ಣೆ ಕುಡಿದವರ ಹಾಗಿತ್ತು.

"ಆತ್ಮಾರಾಮ, ಖರೇ ಹೇಳು. ನೀ ದಿನಾ ಏನ್ ತಿಂತಿ?"

ಇದು ಹೆಂಡತಿ ಹಣಮಮ್ಮನ ಹೂಟವೇ ಇರಬೇಕೆಂದು ಆತ್ಮಾರಾಮನಿಗೆ ಅನುಮಾನ ಬಂತು. ಕಲ್ಲು ಪಾಲಿಶ್ ಕಾರ್ಖಾನೆಯಲ್ಲಿ ಅವನು ಗುಮಾಸ್ತ. ದಿನಾ ಸಂಜೆ ಕೆಲಸ ಮುಗಿಸಿ ಬರುವಾಗ ಸ್ಟೇಷನ್ ರಸ್ತೆಯ ಬಜ್ಜಿ ಬಂಡಿ ಅವನ ಮೋಟರ್‌ಸೈಕಲ್ಲನ್ನು ತಾನಾಗಿಯೇ ಎಳೆದುಕೊಳ್ಳುತ್ತಿತ್ತು.

"ಜ್ವಾಳದ ರೊಟ್ಟಿ, ಪುಂಡಿಪಲ್ಯ. ಮತ್ತೇನ್ ತಿಂತೀನಿ ಕಾಕಾ?" ಎಂದ ಬಾಯ್ತುಂಬ ನೊರೆಯಲ್ಲಿ.

"ಸುಳ್ಳ ಹೇಳಬ್ಯಾಡ. ಬಜ್ಜಿ ಬಂಡಿ ಮುಂದ ನಿನ್ನ ದಿನಾ ನೋಡ್ತೀನಿ ನಾ. ಹೋದ ವಾರ ಸಂಘದ ಕ್ಯಾಂಪಿನಾಗ ಟೆಸ್ಟಿಗಿ ರಕ್ತ ಕೊಟ್ಟಿದ್ದಿಲ್ಲೇನು? ರಿಪೋರ್ಟ್ ಬಂದದ. ಇಡೀ ಕಾಲೊನಿನಾಗ ನಿನ್ನ ಕೊಲೆಸ್ಟ್ರಾಲೇ ಎಲ್ಲರಕಿಂತ ಕಮ್ಮಿ. ತೊಂಬತ್ತೆರಡು!"

"ನಿಮ್ದು?"

ಪಾಂಡಪ್ಪನವರು ಆಕಾಶ ನೋಡಿದರು. "ಎರಡನೂರಾ ಐವತ್ತಾರು. ವರ್ಷಗಟ್ಟಲೆ ಕುದಿಸಿದ ಸೋರೆಕಾಯಿ ತಿಂದೀನಿ. ತುಪ್ಪದ ಡಬ್ಬಿ ಕಂಡ್ರ ದಾರಿ ಬದಲಿ ಮಾಡೀನಿ. ದೇವರಿಗಿ ಕಣ್ಣ ಅದಾವೋ ಇಲ್ಲೋ?"

ಆತ್ಮಾರಾಮ ಬಾಯಿ ಮುಕ್ಕಳಿಸಿ, ಅಡುಗೆಮನೆಗೆ ಕೇಳುವ ಹಾಗೆ ಹೇಳಿದ: "ಏ ಕೇಳ್ದೇನು? ಎಣ್ಣಿ ಚಮಚಾದಾಗ ಅಳೀತಿದ್ದಿ. ಇವತ್ತ ಪೂರಿ ಮಾಡು!"

ಹಣಮಮ್ಮ ಹೊರಗೆ ಬಂದು ನಿಂತಳು. "ಅಷ್ಟ ತಬ್ಬೇತ ಛಲೋ ಇದ್ರ, ದಿನಾ ಸುಸ್ತ ಸುಸ್ತ ಅಂತ ಯಾಕ ಮಲಗ್ತೀರಿ?"

"ಕೆಲಸದ ಸುಸ್ತು ಅದು. ನಿಂಗೇನ್ ತಿಳೀತದ."

"ರಕ್ತದಾಗ ಇಲ್ಲದ ಕೊಬ್ಬು ಮಾತಿನಾಗ ಬಂದದ," ಎಂದು ಗೊಣಗಿ ಆಕೆ ಬಾಣಲೆ ಒಲೆಯ ಮೇಲಿಟ್ಟಳು.

ಪೂರಿ ಉಬ್ಬುವ ಮೊದಲೇ ಸುದ್ದಿ ಉಬ್ಬಿತ್ತು. ಫೋನು ಒಂದೇ ಸಮನೆ ಹೊಡೆದುಕೊಳ್ಳತೊಡಗಿತು. ಬಶೀರಾಬಾದಿನ ಷಡ್ಡಕ, ಕಾರ್ಖಾನೆಯ ಲೆಕ್ಕಿಗ, ಹೆಸರೇ ನೆನಪಾಗದ ಸಹಪಾಠಿ, ಎಲ್ಲರಿಗೂ ಗುಟ್ಟು ಬೇಕು. ಮೊದಲು ನಾಚಿಕೊಂಡ ಆತ್ಮಾರಾಮ ಆಮೇಲೆ ನಿಧಾನವಾಗಿ ಗುರುವಾದ.

"ಬಜ್ಜಿ ಬಿಸಿ ಇರಬೇಕು ನೋಡ್ರಿ. ಆರಿದ ಬಜ್ಜಿನೇ ರಕ್ತಕ್ಕ ಹೋಗಿ ಗಟ್ಟಿ ಆಗೋದು," ಎಂದು ಒಬ್ಬನಿಗೆ ಹೇಳಿದ. ಅದು ತನಗೇ ಹಿಡಿಸಿತು. ಮುಂದಿನವನಿಗೆ ಹೇಳುವಾಗ "ಸೈನ್ಸ್ ಅದ ಇದರಾಗ" ಎಂದೂ ಸೇರಿಸಿದ. ನಡುವೆ ಯಾವುದೋ ಅಪರಿಚಿತ ನಂಬರು ಮತ್ತೆ ಮತ್ತೆ ಬರುತ್ತಿತ್ತು. ಪರಿಚಯದವರಿಗೇ ಉತ್ತರ ಕೊಟ್ಟು ಸಾಕಾಗಿದ್ದ ಗುರು ಅದನ್ನು ಪ್ರತಿ ಸಲವೂ ಕಟ್ ಮಾಡಿದ.

ಮಧ್ಯಾಹ್ನ ಎಣ್ಣೆ ವ್ಯಾಪಾರಿ ಪೋಚಪ್ಪ ಬಂದ. ಒಂದು ಕೈಯಲ್ಲಿ ಕುಸುಬೆ ಎಣ್ಣೆಯ ಡಬ್ಬ, ಹಿಂದೆ ಕ್ಯಾಮೆರಾದವನು.

"ಆತ್ಮಾರಾಮಣ್ಣಾ, ಇವತ್ತ ಸಂಜಿಕಿ ನನ್ನ ಹೊಸಾ ಗಾಣದ ಓಪನಿಂಗ್. ನಿಮ್ಮ ಸನ್ಮಾನನೂ ಅಲ್ಲೇ. ಈ ಡಬ್ಬಿ ಹಿಡ್ಕೊಂಡು ಜರಾ ನಗ್ರಿ, ಫ್ಲೆಕ್ಸಿಗಿ ಬೇಕು."

"ನಮ್ಮನ್ಯಾಗ ನಿಮ್ಮ ಎಣ್ಣಿ ಎಂದೂ ತಂದಿಲ್ಲಲ್ಲೋ ಪೋಚಪ್ಪಾ."

"ನಿಮ್ಮ ಬಜ್ಜಿ ಬಂಡಿಯವ ನನ್ನ ಹತ್ರನೇ ಒಯ್ತಾನಲ್ರಿ! ನಿಮ್ಮ ಮೈಯಾಗ ಹರಿಯೋದೆಲ್ಲಾ ನಮ್ದೇ ಮಾಲು."

ಸಂಜೆಯ ಹೊತ್ತಿಗೆ ಗಾಣದ ಅಂಗಡಿಯ ಮೇಲೆ ಆಳೆತ್ತರದ ಆತ್ಮಾರಾಮ ನಗುತ್ತಿದ್ದ. ಕೆಳಗೆ ದಪ್ಪ ಅಕ್ಷರ: 'ಇವರು ತಿನ್ನುವುದು ನಮ್ಮ ಎಣ್ಣೆ. ಇವರ ಕೊಬ್ಬು ಬರೀ ತೊಂಬತ್ತೆರಡು!' ಶಾಮಿಯಾನದ ತುಂಬ ಜನ. ಎಲ್ಲರ ಕೈಯಲ್ಲೂ ಪೋಚಪ್ಪನ ಖರ್ಚಿನ ಬಿಸಿ ಬಿಸಿ ಮಿರ್ಚಿ ಬಜ್ಜಿ. ಪಾಂಡಪ್ಪನವರು ಅಧ್ಯಕ್ಷರಾದ ತಪ್ಪಿಗೆ ಶಾಲು ಹೊದಿಸಬೇಕಾಯಿತು. ಶತ್ರುವಿನ ಮಗನ ಮದುವೆಯಲ್ಲಿ ಅಕ್ಷತೆ ಹಾಕುವವರಂತೆ ಹೊದಿಸಿದರು.

ಆತ್ಮಾರಾಮ ಮೈಕು ಹಿಡಿದ. ವೈರಿಲ್ಲದ ಹೊಸ ಮೈಕು. "ಬಂಧುಗಳೇ, ಕೊಬ್ಬಿಗೆ ಅಂಜಬಾರದು. ನಾವು ಅಂಜಿದ್ರ ಅದು ಮ್ಯಾಲ ಏರ್ತದ. ನಾವು ಧೈರ್ಯದಿಂದ ತಿಂದ್ರ..."

ಅಷ್ಟರಲ್ಲಿ ರಕ್ತಪರೀಕ್ಷೆಯ ಕ್ಯಾಂಪು ನಡೆಸಿದ್ದ ಡಾಕ್ಟರ್ ಶಿಲ್ಪಾರಾಣಿ ದಡದಡನೆ ವೇದಿಕೆ ಹತ್ತಿದರು. ಜನ ಚಪ್ಪಾಳೆ ತಟ್ಟಿದರು. ಡಾಕ್ಟರು ಅವನ ಕಿವಿಯಲ್ಲಿ ಏನೋ ಹೇಳಿ, ಮೆಲ್ಲಗೆ ಪರದೆಯ ಹಿಂದೆ ಕರೆದುಕೊಂಡು ಹೋದರು. ಮಾತು ಗುಟ್ಟಾಗಿರಲಿ ಎಂಬುದು ಅವರ ಆಸೆ. ಮೈಕು ಮಾತ್ರ ಆತ್ಮಾರಾಮನ ಮುಷ್ಟಿಯಲ್ಲೇ ಇತ್ತು. ಚಾಲೂ ಇತ್ತು.

"ಮುಂಜಾನಿಂದ ಫೋನ್ ಮಾಡ್ಲಕತ್ತೀನ್ರಿ. ಕಟ್ ಮಾಡ್ತೀರಲ್ಲ!" ಎಂದು ಶಾಮಿಯಾನದ ನಾಲ್ಕೂ ಮೂಲೆಯ ಸ್ಪೀಕರುಗಳು ಗದರಿದವು.

"ನೀವಂತ ಗೊತ್ತಾಗಲಿಲ್ರಿ ಡಾಕ್ಟರಮ್ಮ. ಭಾಳ ಮಂದಿ ಅಭಿಮಾನಿಗಳು..."

"ಕೇಳ್ರಿ ಇಲ್ಲಿ. ಕೊಲೆಸ್ಟ್ರಾಲ್ ಇಷ್ಟ್ ಕಮ್ಮಿ ಇದ್ದದ್ದು ನೋಡಿ ನನಗ ಅನುಮಾನ ಬಂತು. ಲಿವರ್ ಟೆಸ್ಟೂ ಸರಿ ಇರಲಿಲ್ಲ. ಅದಕ್ಕ ಅದೇ ರಕ್ತದ ಮ್ಯಾಲ ಮತ್ತೊಂದು ಟೆಸ್ಟ್ ಮಾಡಿಸಿದೆ. ನಿಮಗ ಹೆಪಟೈಟಿಸ್ ಸಿ ಇದ್ದಂಗದ. ಲಿವರಿಗಿ ಹತ್ತೋ ವೈರಸ್ ಅದು."

"ಲಿವರಿಗಿ ಹತ್ತಿದ್ರ ಕೊಬ್ಬು ಯಾಕ ಕಮ್ಮಿ ಆಗ್ತದ್ರಿ?"

"ನಮ್ಮ ಮೈಯಾಗಿನ ಕೊಲೆಸ್ಟ್ರಾಲ್ ಭಾಳಷ್ಟು ಲಿವರಿನಾಗೇ ತಯಾರಾಗೋದು. ಅಲ್ಲಿಂದ ಗಾಡಿ ಹತ್ತಿದಂಗ ರಕ್ತಕ್ಕ ಬರ್ತದ. ಈ ವೈರಸ್ ಆ ಗಾಡಿನೇ ತನ್ನ ಕೆಲಸಕ್ಕ ಹಿಡಕೊಂಡದ. ಅದಕ್ಕ ನಿಮ್ಮ ರಕ್ತದಾಗ ಕೊಬ್ಬು ಕಮ್ಮಿ, ಲಿವರಿನಾಗ ಗುಡ್ಡಿ ಬಿದ್ದದ. ಹಂಗೇ ಬಿಟ್ರ ಲಿವರ್ ಕಲ್ಲಾಗ್ತದ. ನಿಮ್ಮ ಸುಸ್ತೂ ಅದರದೇ ಇರಬೇಕು."

ಶಾಮಿಯಾನದಲ್ಲಿ ಬಾಯಿಗೆ ಹೋಗುತ್ತಿದ್ದ ಬಜ್ಜಿಗಳು ಅರ್ಧದಾರಿಯಲ್ಲಿ ನಿಂತವು. ಮೊದಲು ಎಚ್ಚೆತ್ತವನು ಪೋಚಪ್ಪ. ಕುರ್ಚಿಯ ಮೇಲೆ ಹತ್ತಿ ಕೂಗಿದ: "ಆ ಬಜ್ಜಿ ಬಂಡಿಯವ ನನ್ನ ಹತ್ರ ಎಣ್ಣಿ ಒಯ್ಯೋದು ಬಿಟ್ಟು ಎಷ್ಟೋ ದಿನ ಆತ್ರೀ! ನಮ್ಮ ಎಣ್ಣಿಗೂ ಇವನಿಗೂ ಸಂಬಂಧ ಇಲ್ಲ!" ಕೂಗುತ್ತಲೇ ಫ್ಲೆಕ್ಸಿನ ಹಗ್ಗಕ್ಕೆ ಕೈ ಹಾಕಿದ. ಆಳೆತ್ತರದ ಆತ್ಮಾರಾಮ ನಗುನಗುತ್ತಲೇ ಮುಗ್ಗರಿಸಿ ಬಿದ್ದ.

ಮುಂದಿನ ಸಾಲು ಹಿಂದಕ್ಕೆ ಸರಿಯಿತು. ಹಾರ ಹಾಕಿದವರು ಕೈ ತೊಳೆಯಲು ನಳ ಹುಡುಕಿದರು. ಬೆಳಿಗ್ಗೆಯಿಂದ ಅವನ ಹೆಗಲ ಮೇಲೆ ಕೈಯಿಟ್ಟು ಫೋಟೊ ತೆಗೆಸಿಕೊಂಡವರೆಲ್ಲ ಈಗ ಆ ಕೈಯನ್ನು ಬೇರೆಯವರದೆಂಬಂತೆ ದೂರ ಹಿಡಿದುಕೊಂಡು ನಿಂತರು.

ಗದ್ದಲ ಕೇಳಿ ಹೊರಗೆ ಇಣುಕಿದ ಡಾಕ್ಟರಿಗೆ ಆಗ ಮೈಕು ಕಂಡಿತು. ಹಣೆ ಬಡಿದುಕೊಂಡು ಅದನ್ನು ಕಸಿದುಕೊಂಡರು.

"ಕೇಳ್ರಿ! ತಪ್ಪಾತು, ಇದು ನೀವು ಕೇಳೋ ಮಾತಾಗಿರಲಿಲ್ಲ. ಕೇಳೀರಂದ ಮ್ಯಾಲ ಪೂರಾ ಕೇಳ್ರಿ. ಇದು ಮುಟ್ಟಿದ್ರ ಬರಂಗಿಲ್ಲ, ಜೋಡಿ ಕುಂತು ಉಂಡ್ರ ಬರಂಗಿಲ್ಲ. ರಕ್ತದಿಂದ ರಕ್ತಕ್ಕ ಹೋಗ್ತದ. ಒಬ್ಬರಿಗಿ ಚುಚ್ಚಿದ ಸೂಜಿ ಇನ್ನೊಬ್ಬರಿಗಿ ಚುಚ್ಚಿದ್ರ ಬರ್ತದ. ನೀವೂ ಎಲ್ಲಾರೂ ಟೆಸ್ಟ್ ಮಾಡಿಸ್ಕೋರಿ."

ಟೆಸ್ಟ್ ಎಂದ ಕೂಡಲೇ ಇಡೀ ಶಾಮಿಯಾನವೇ ಖಾಲಿಯಾಯಿತು.

ಆತ್ಮಾರಾಮ ಶಾಲು ಹೊದ್ದುಕೊಂಡೇ ವೇದಿಕೆಯ ಅಂಚಿನಲ್ಲಿ ಕುಸಿದು ಕೂತಿದ್ದ. "ಡಾಕ್ಟರಮ್ಮ, ನಾ ಸಾಯ್ತೀನೇನ್ರಿ?"

"ಇಲ್ರಿ. ನಾಳಿ ದವಾಖಾನಿಗಿ ಬರ್ರಿ, ಇನ್ನೊಂದು ಟೆಸ್ಟ್ ಮಾಡಿ ಪಕ್ಕಾ ಮಾಡ್ಕೊಳ್ಳಾಮು. ಗುಳಿಗಿ ಅವ. ಕೆಲವು ತಿಂಗಳು ತಪ್ಪದೇ ತೊಗೊಂಡ್ರ ಹೆಚ್ಚುಕಮ್ಮಿ ಎಲ್ಲಾರಿಗೂ ವಾಸಿ ಆಗ್ತದ."

ಅವನ ಮುಖಕ್ಕೆ ಜೀವ ಬಂತು. ಜೀವದ ಬೆನ್ನಿಗೇ ಹಸಿವೂ ಬಂತು. "ವಾಸಿ ಆದ ಮ್ಯಾಲ... ಬಜ್ಜಿ?"

"ವೈರಸ್ ಹೋದ್ರ ಲಿವರ್ ತನ್ನ ಕೆಲಸ ಶುರು ಮಾಡ್ತದ. ಆಗ ಕೊಲೆಸ್ಟ್ರಾಲ್ ಏರ್ತದ. ನಿಮ್ಮ ಖರೇ ನಂಬರ್ ಎಷ್ಟು ಅಂತ ಆಗ ತಿಳೀತದ."

"ಅಂದ್ರ?"

"ಈಗ ಲಿವರಿನ ಸಲುವಾಗಿ ಬ್ಯಾಡ. ಆಮ್ಯಾಲ ಹೃದಯದ ಸಲುವಾಗಿ ಬ್ಯಾಡ."

ಮನೆಗೆ ಬಂದಾಗ ದೀಪ ಹಚ್ಚುವ ಹೊತ್ತು. ಸುದ್ದಿ ಅವನಿಗಿಂತ ಮೊದಲೇ ಬಂದು ಕೂತಿತ್ತು. ಹಣಮಮ್ಮ ಬಯ್ಯುತ್ತಾಳೆ ಎಂದುಕೊಂಡಿದ್ದ. ಆಕೆ ಬಯ್ಯಲಿಲ್ಲ. ಕಣ್ಣೊರೆಸಿಕೊಂಡು ಜೋಳದ ಅಂಬಲಿ ಬಟ್ಟಲಿಗೆ ಬಗ್ಗಿಸಿ ಮುಂದಿಟ್ಟಳು. "ನಾಳಿ ನಾನೂ ಬರ್ತೀನಿ ದವಾಖಾನಿಗಿ," ಎಂದಷ್ಟೇ ಹೇಳಿ ಅವನ ಪಕ್ಕದಲ್ಲೇ ಕೂತಳು. ಆ ಸುದ್ದಿ ಹರಡಿದ ಮೇಲೆ ಅವನ ಹತ್ತಿರ ಬಂದು ಕೂತವಳು ಆಕೆಯೊಬ್ಬಳೇ. ಎಣ್ಣೆಯ ಹನಿಯಿಲ್ಲದ ಅಂಬಲಿಯನ್ನು ಆತ್ಮಾರಾಮ ಗುಟುಕು ಗುಟುಕಾಗಿ ಕುಡಿಯತೊಡಗಿದ.

ಗೇಟು ಕಿರುಗುಟ್ಟಿತು. ಪಾಂಡಪ್ಪನವರು ಆಚೀಚೆ ನೋಡಿ ಒಳಗೆ ಬಂದರು. ಸಂಜೆ ಅಷ್ಟು ದೂರ ಸರಿದವರು ಈಗ ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತರು. ಸಮಾಧಾನ ಹೇಳಲು ಬಂದಿದ್ದಾರೆ, ಹಿರಿಯರೆಂದರೆ ಹೀಗಿರಬೇಕು ಎಂದು ಆತ್ಮಾರಾಮನ ಕಣ್ಣು ತುಂಬಿ ಬಂತು.

"ಆತ್ಮಾರಾಮ, ಗುಳಿಗಿ ಯಾವಾಗಿಂದ ಶುರು?"

"ನಾಳಿ ಹೋಗ್ತೀನಿ ಕಾಕಾ."

"ಹೋಗಪಾ, ಹೋಗಲೇಬೇಕು." ಪಾಂಡಪ್ಪನವರು ದನಿ ತಗ್ಗಿಸಿದರು. "ಆದ್ರ ಆ ವೈರಸ್ ಹುಳ ಎಲ್ಲಾ ಒಮ್ಮಿಗೇ ಕೊಲ್ಲಬ್ಯಾಡ. ಒಂದ್ ನಾಕು ನನ್ನ ಸಲುವಾಗಿ ಇಟ್ಟಿರು. ಬರೇ ಹದಿನೈದು ದಿನಕ್ಕ. ಮೊಮ್ಮಗಳ ಮದಿವಿ ಅದ. ಕೊಬ್ಬು ಏರದಂಗ ಹೊಟ್ಟಿತುಂಬ ಉಂಡು ಆಮ್ಯಾಲ ನಾನೂ ಗುಳಿಗಿ ತೊಗೋತೀನಿ."

ಹಣಮಮ್ಮ ಕೈಯಲ್ಲಿದ್ದ ಸೌಟಿನ ಸಮೇತ ಎದ್ದು ನಿಂತಳು. ಆತ್ಮಾರಾಮ ಗೇಟಿನ ಕಡೆ ನೋಡಿದ. ಪಾಂಡಪ್ಪನವರ ಬೆನ್ನ ಹಿಂದೆ, ಗೇಟಿನಾಚೆಯ ಮಬ್ಬಿನಲ್ಲಿ, ವಾಕಿಂಗ್ ಸಂಘದ ಇನ್ನೂ ಅರ್ಧ ಡಜನ್ ಮಂದಿ ಬೂಟು ಹಾಕಿಕೊಂಡು ಸಾಲಾಗಿ ನಿಂತಿದ್ದರು.

ಗಾಳಿ ಬೀಸಿದಾಗ ಅವರೆಲ್ಲರ ಕಡೆಯಿಂದಲೂ ಬಿಸಿ ಬಜ್ಜಿಯ ವಾಸನೆ ಬಂದು ಆತ್ಮಾರಾಮನ ಅಂಬಲಿಯ ಬಟ್ಟಲ ಮೇಲೆ ಸುಳಿದು ಹೋಯಿತು.