ಕವರಿಂಗ್ ಲೆಟರೂ ನಮ್ಮ ಚಿಗವ್ವನೂ

ನಮ್ಮ ಚಿಗವ್ವನಷ್ಟು ನೌಕರಿಗಳನ್ನು ಕಳೆದುಕೊಂಡವರು ರಾಯಚೂರು ಜಿಲ್ಲೆಯಲ್ಲೇ ಇನ್ನೊಬ್ಬರಿಲ್ಲ. ಅದೂ ಒಂದಕ್ಕೂ ಸೇರದೆ!

ಚಿಗವ್ವ ಎಂದರೆ ನಮ್ಮ ಕಾಕಾನ ಹೆಂಡತಿ. ತವರು ದೇವದುರ್ಗದ ಕಡೆಯ ಗೂಗಲ್ ಎಂಬ ಹಳ್ಳಿ, ಕುರಿ ಸಾಕುವ ಮನೆತನ, ಕೊಟ್ಟಿದ್ದು ಮಾನ್ವಿಗೆ. ಆ ಕಾಲಕ್ಕೇ ಪಿಯುಸಿ ಪಾಸಾದವಳು. ಮಕ್ಕಳ ಮದುವೆಗಳೆಲ್ಲ ಮುಗಿದ ಮೇಲೆ ಒಂದು ದಿನ ರೊಟ್ಟಿ ಬಡಿಯುತ್ತಲೇ, “ನಾನೂ ನೌಕರಿ ಮಾಡತೀನಿ” ಎಂದು ಸಾರಿದಳು. ಕಾಕಾ “ಮಾಡು” ಎಂದ. ನಿಜವಾಗಿಯೂ ಮಾಡುತ್ತಾಳೆಂದು ಗೊತ್ತಿದ್ದರೆ ಅಷ್ಟು ಸಲೀಸಾಗಿ ಅನ್ನುತ್ತಿದ್ದನೇ?

ಆಗ ನನ್ನದು ರಾಯಚೂರು ಬಸ್ ನಿಲ್ದಾಣದ ಹತ್ತಿರ ಸಣ್ಣದೊಂದು ಝೆರಾಕ್ಸ್ ಮತ್ತು ಟೈಪಿಂಗ್ ಅಂಗಡಿ. ಈಗ ಅಂಗಡಿಯೂ ಇಲ್ಲ, ಅದರ ಬಿಸಿ ಕಾಗದದ ವಾಸನೆಯೂ ಇಲ್ಲ. ಈಗೇನು, ಕೇಳಿದರೆ ಮೊಬೈಲೇ ಅರ್ಜಿ ಬರೆದುಕೊಡುತ್ತದೆ! ಆಗ ಆ ಮೊಬೈಲಿನ ಕೆಲಸ ನನ್ನದಾಗಿತ್ತು. ಒಂದು ಸಿದ್ಧ ಪತ್ರ ಇಟ್ಟುಕೊಂಡಿದ್ದೆ. ಹೆಸರು, ಊರು ಬದಲಿಸಿದರೆ ಮುಗಿಯಿತು. ಕಲ್ಮಲದ ಹುಡುಗನೂ ಬಾಗಲವಾಡದ ಹುಡುಗಿಯೂ ಒಂದೇ ಅಳತೆಯ ‘ಕಠಿಣ ಪರಿಶ್ರಮಿ’ಗಳಾಗಿಬಿಡುತ್ತಿದ್ದರು. ಚಿಗವ್ವ ಬಂದಾಗಲೂ ಅದನ್ನೇ ತೆಗೆದುಕೊಟ್ಟೆ. ಕನ್ನಡಕ ಏರಿಸಿ ಓದಿದಳು.

“ಈಕಿ ಯಾರಲೇ?”

“ನೀನೇ, ಚಿಗವ್ವ.”

“ಈಕಿ ನನಗ ಗೊತ್ತೇ ಇಲ್ಲ. ಏನಂತಾರ ಇದಕ್ಕ?”

“ಕವರಿಂಗ್ ಲೆಟರ್.”

“ಹಂಗನ್ನು ಮತ್ತ! ಬಜಾರದಾಗ ಕವರಿಂಗ್ ಬಳಿ ಸಿಗತಾವಲ್ಲ, ಮ್ಯಾಲ ಬಂಗಾರ, ಒಳಗ ತಾಮ್ರ! ನನಗ ಅಂಥಾದ್ದು ಬ್ಯಾಡ. ನಾ ಹೇಳತೀನಿ, ನೀ ಟೈಪ್ ಹೊಡಿ.”

ಹೊಡೆದೆ. ಬಯೋಡಾಟಾ ಅರ್ಧ ಪುಟ, ಪತ್ರ ನಾಲ್ಕು ಪುಟ!

ಮೊದಲ ಪತ್ರ ಹೋದದ್ದು ಒಂದು ಖಾಸಗಿ ಶಾಲೆಯ ಆಫೀಸು ಕೆಲಸಕ್ಕೆ. “ನನಗೆ ಕಂಪ್ಯೂಟರ್ ಬರುವುದಿಲ್ಲ. ಕುರಿ ಮೇಯಿಸುವುದೂ ಹುಟ್ಟುತ್ತಲೇ ಬಂದಿರಲಿಲ್ಲ, ಕಲಿತೆ. ಕಂಪ್ಯೂಟರ್ ಕುರಿಯಷ್ಟು ಓಡಾಡುವುದಿಲ್ಲವೆಂದು ಕೇಳಿದ್ದೇನೆ” ಎಂದು ಬರೆಸಿದ್ದಳು. ಶಾಲೆಯವರು ಉತ್ತರವನ್ನೇ ಕೊಡಲಿಲ್ಲ. ಚಿಗವ್ವ ಕುಗ್ಗಿದಳೇ? “ಚೊಲೋ ಆತು ಬಿಡು, ಆ ಸಾಲಿಗೆ ಮೆಟ್ಟಲಾ ಬಾಳ ಅದಾವ” ಎಂದಳು.

ಎರಡನೆಯದು ಮಾನ್ವಿಯ ಅಕ್ಕಿ ಗಿರಣಿಗೆ, ಲೆಕ್ಕ ಬರೆಯುವ ಕೆಲಸ. “ನಿಮ್ಮ ಅಕ್ಕಿಯಲ್ಲಿ ಹರಳು ಬಹಳ. ನನ್ನನ್ನು ತೆಗೆದುಕೊಂಡರೆ ಲೆಕ್ಕಕ್ಕಿಂತ ಮೊದಲು ಅದನ್ನು ನೋಡುತ್ತೇನೆ.” ಗಿರಣಿಯ ಸಾಹುಕಾರರು ಫೋನ್ ಮಾಡಿದರು.

“ಯವ್ವಾ, ಕೆಲಸಕ್ಕ ಬ್ಯಾರೇದವರು ಬಂದಾರ್ರಿ. ಆದ್ರ ಹರಳಿನ ಮಾತು ಊರಾಗ ಯಾರ ಮುಂದೂ ಹೇಳಬ್ಯಾಡ್ರಿ!”

ಮರುದಿನ ಮನೆಗೆ ಒಂದು ಪುಟ್ಟ ಚೀಲ ಅಕ್ಕಿ ಬಂತು. ಚಿಗವ್ವ ಮೊರದಲ್ಲಿ ಹಾಕಿ ಹಸನು ಮಾಡಿ, ಸಿಕ್ಕ ಹರಳುಗಳನ್ನು ಚೀಟಿಯಲ್ಲಿ ಕಟ್ಟಿ ಗಿರಣಿಗೇ ವಾಪಸು ಕಳಿಸಿದಳು!

ಹೀಗೇ ಔಷಧಿ ಅಂಗಡಿ, ಬಟ್ಟೆ ಅಂಗಡಿ, ಗೊಬ್ಬರದ ಅಂಗಡಿ… ಕೊನೆಗೆ ದೇವದುರ್ಗದ ಹೆಣ್ಣುಮಕ್ಕಳ ಹಾಸ್ಟೆಲೊಂದರಲ್ಲಿ ವಾರ್ಡನ್‌ಗೆ ಸಹಾಯಕಿ ಬೇಕೆಂದು ಗೊತ್ತಾಯಿತು. ಈ ಸಲ ಮೂರನೆಯ ಪುಟ ತುಂಬ ಅವಳ ತಂಗಿಯದೇ ಮಾತು. ಅವಳು ಚಿಕ್ಕಂದಿನಲ್ಲಿ ಓದಲೆಂದು ಹಾಸ್ಟೆಲಿಗೆ ಸೇರಿ, ವಾರ ತುಂಬುವುದರೊಳಗೆ ಅಳುತ್ತ ಊರಿಗೆ ಮರಳಿದವಳು.

“ಚಿಗವ್ವ, ನೌಕರಿ ನಿನಗ ಬೇಕಾಗ್ಯದೋ, ನಿನ್ನ ತಂಗಿಗೋ? ಈ ಪುಟ ತೆಗದು ಬಿಡಮು.”

“ಬೇಕಾದ್ರ ನನ್ನ ಪಿಯುಸಿ ತೆಗಿ. ಅದನ್ನ ಮುಟ್ಟಬ್ಯಾಡ.”

ಕರೆ ಬಂತು! ಜೊತೆಗೆ ನಾನೂ ಹೋದೆ. ವಾರ್ಡನ್ ಮೇಡಂ ನಡುವಯಸ್ಸಿನವರು. ಮೇಜಿನ ಮೇಲಿದ್ದ ಪತ್ರದಲ್ಲಿ ಮೂರನೆಯ ಪುಟವೇ ಮೇಲಿತ್ತು. ಅಂಕಪಟ್ಟಿ ಕೇಳಲಿಲ್ಲ, ಅನುಭವ ಕೇಳಲಿಲ್ಲ.

“ನಿಮ್ಮ ತಂಗಿ ವಾಪಸ್ ಬಂದ್ಲು ಅಂತ ಬರದೀರಿ. ಆಮ್ಯಾಲ ಏನಾತ್ರಿ?”

ನಮ್ಮ ಚಿಗವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಹೇಳಿದಳು.

“ಕುರಿ ಹಿಂದ ಹೋದ್ಲರಿ. ಮತ್ತ ಸಾಲಿ ಮುಖ ನೋಡಲಿಲ್ಲ. ನನಗಿಂತ ಶಾಣ್ಯಾ ಇದ್ಲು. ರಾತ್ರಿ ಅಳಾಕತ್ತಾಗ ಯಾರರ ಆಕಿ ಬಾಜೂಕ ಕುಂತಿದ್ರ ಸಾಕಾಗತಿತ್ತು. ನನಗ ಬ್ಯಾರೆ ಏನೂ ಬರಂಗಿಲ್ರಿ ಮೇಡಂ. ಬಾಜೂಕ ಕುಂದ್ರಾಕ ಬರತದ.”

ಮೇಡಂ ಕಾಗದಗಳನ್ನು ಜೋಡಿಸಿಟ್ಟರು. “ಸೋಮವಾರ ಬರ್ರಿ.”

ಹೊರಗೆ ಬಂದು ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತೆವು. ನೋಡಿದರೆ ಚಿಗವ್ವನ ಕಣ್ಣಲ್ಲಿ ನೀರು.

“ಅಂತೂ ನೌಕರಿ ಸಿಕ್ತು! ಅದಕ್ಕ ಅಳಾಕತ್ತೀಯೇನು?” ಎಂದೆ.

“ಅದಕ್ಕಲ್ಲೋ ತಮ್ಮಾ. ಆಮ್ಯಾಲ ಏನಾತು ಅಂತ ಮೇಡಂ ಕೇಳಿದ್ರಲ್ಲ. ಇಷ್ಟು ವರ್ಷದಾಗ ಯಾರೂ ಕೇಳಿದ್ದಿಲ್ಲ ನೋಡು.”

ಬಸ್ಸು ಬಂತು. ಕಿಟಕಿಯ ಪಕ್ಕ ಕೂತ ಚಿಗವ್ವ ಊರು ಮುಟ್ಟುವವರೆಗೂ ತಂಗಿಯ ಮಾತನ್ನೇ ಹೇಳುತ್ತ ಬಂದಳು: ಅವಳು ಕಂಬಳಿ ಹೊದ್ದು ಮಗ್ಗಿ ಒಪ್ಪಿಸುತ್ತಿದ್ದದ್ದು, ನಗುವಾಗ ಮೂಗು ಮುಚ್ಚಿಕೊಳ್ಳುತ್ತಿದ್ದದ್ದು. ನಾನು ಅವಳ ಪಕ್ಕ ಕೂತು ಕೇಳಿದೆ.