ಓದು ಮುಗಿಯೋ ತನಕ ಕೋಣೆ ನಿಂದು

ಓದೋದನ್ನೇ ಕಸುಬು ಮಾಡಿಕೊಳ್ತೀನಿ ಅಂತ ಹೊರಟರೆ ಇಂಥವೆಲ್ಲ ಆಗ್ತಾನೇ ಇರ್ತವೆ. ನಮ್ಮಂಥವರಿಗೆ ಎರಡು ಪಾಲು. ನಮ್ಮದು ತೇನಿ ಸೀಮೆಯ ಮಾರ್ಕಯನ್‌ಕೋಟ್ಟೈ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಕನ್ನಡ ಅಕ್ಷರ ಕಲಿತದ್ದೇ ನಾನು ದೊಡ್ಡವಳಾದ ಮೇಲೆ, ಹಟಕ್ಕೆ ಬಿದ್ದು.

ಪಕ್ಕದ ಚಿನ್ನಮನೂರು ಬಸ್ ಸ್ಟ್ಯಾಂಡ್ ಹತ್ತಿರ ಅಪ್ಪನದೊಂದು ಕೋಣೆ ಇದೆ. ಅಪ್ಪ ಬಾಳೆ ವ್ಯಾಪಾರಿ. ನಾನು ಮನೆಯಿಂದಲೇ ಎಂ.ಎ. ಕಟ್ಟಿದಾಗ, "ಇಲ್ಲಿ ಗಲಾಟೆ, ಅಲ್ಲಿ ಹೋಗಿ ಓದು" ಅಂತ ಬೀಗದಕೈ ಕೊಟ್ಟ. ತನ್ನ ತಾಯಿಯ ಮುಂದೆ, ಅಂದರೆ ನಮ್ಮ ಅವ್ವನ ಮುಂದೆ, ಮಾತೂ ಕೊಟ್ಟ: "ನಿನ್ನ ಓದು ಮುಗಿಯೋ ತನಕ ಕೋಣೆ ನಿಂದು. ಮುಗಿದ ದಿನ ಬಾಳೆಗೊನೆ ಹಣ್ಣಿಗೆ ಹಾಕೋಕೆ ಬಿಟ್ಟುಕೊಡಬೇಕು."

ಅವ್ವನ ಮುಂದೆ ಆಡಿದ ಮಾತನ್ನು ನಮ್ಮ ಮನೇಲಿ ಯಾರೂ ಮುರಿಯಲ್ಲ. ಎಂ.ಎ. ಮುಗೀತು. ಅಷ್ಟರಲ್ಲಿ ಕೋಣೆಯ ನಾಲ್ಕು ಗೋಡೆಗೂ ಪುಸ್ತಕ ಏರಿದ್ದವು, ಬಾಗಿಲಿಗೆ 'ಪುಸ್ತಕ ಬಾಡಿಗೆಗೆ ಸಿಗುತ್ತದೆ' ಅನ್ನೋ ಬೋರ್ಡೂ ಬಿದ್ದಿತ್ತು. ನಾನು ಬಿಡಲ್ಲ, ಅಪ್ಪ ಬಿಡಿಸದೇ ಇರಲ್ಲ.

೧. ಎಷ್ಟು ವರ್ಷದ ಕೋರ್ಸು?

ಅಪ್ಪನ ಮೊದಲ ಉಪಾಯ, ನನಗೆ ಮದುವೆ ಮಾಡಿ ಕಳಿಸೋದು. ನಮ್ಮ ತೇನಿ ಸೀಮೆಯದೇ ಗೂಡಲೂರಿಂದ ಹೆಣ್ಣು ನೋಡೋಕೆ ಬಂದರು. ಗಂಡಿನ ತಂದೆ ಕಾಫಿ ಲೋಟ ಹಿಡಿದು ಕೇಳಿದರು:

"ಹುಡುಗಿ ಏನ್ ಓದ್ತಾಳೆ?"

ಅವ್ವ ಹೆಮ್ಮೆಯಿಂದ, "ನಾವಲ್ ಓದ್ತಾಳೆ" ಅಂದಳು. ನಮ್ಮ ಕಡೆ ಕಾದಂಬರಿಗೆ ನಾವಲ್ ಅಂತೀವಿ.

ಆ ಮನುಷ್ಯ ಲೋಟ ಕೆಳಗಿಟ್ಟರು. "ನೇವಲ್ಲಾ? ಹಡಗಿನ ಓದಾ? ಎಷ್ಟು ವರ್ಷದ ಕೋರ್ಸು?"

"ಅದೆಲ್ಲಿ ಮುಗೀತದಪ್ಪ! ಒಂದು ಮುಗಿದ್ರೆ ಇನ್ನೊಂದು ತಗೀತಾಳೆ. ಊಟಕ್ಕೆ ಕರೆದ್ರೂ ಮುಳುಗೇ ಇರ್ತಾಳೆ."

ಗಂಡಿನ ಕಡೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ತುಟಿ ಕಚ್ಚಿಕೊಂಡು ಕೂತಿದ್ದೆ, ತಿದ್ದಲಿಲ್ಲ. ಎರಡು ದಿನಕ್ಕೆ ಫೋನ್ ಬಂತು: "ಹುಡುಗಿ ಒಳ್ಳೇವಳೇ. ಆದ್ರೆ ನಮ್ಮ ಹುಡುಗನಿಗೆ ಈಜು ಬರಲ್ಲ."

೨. ಪತ್ರಿಕೆಗೆ ಬರೆಯುವವಳು

ಓದಿದ ಪುಸ್ತಕಗಳ ಬಗ್ಗೆ ಮಧುರೆಯ ಒಂದು ಸಣ್ಣ ಪತ್ರಿಕೆಗೆ ಬರೆಯೋಕೆ ಶುರು ಮಾಡಿದೆ. ಅವ್ವ ಊರೆಲ್ಲ ಹೇಳಿಕೊಂಡು ಬಂದಳು: "ನಮ್ಮ ಹುಡುಗಿ ಪತ್ರಿಕೆ ಬರೀತಾಳೆ!"

ನಮ್ಮೂರಲ್ಲಿ ಪತ್ರಿಕೆ ಅಂದರೆ ಒಂದೇ, ಮದುವೆಯದು. ಮಾರನೇ ದಿನವೇ ದೂರದ ಮಾವನೊಬ್ಬ ತಟ್ಟೇಲಿ ವೀಳ್ಯದೆಲೆ ಅಡಿಕೆ ಇಟ್ಟುಕೊಂಡು ಕೋಣೆಗೆ ಬಂದ.

"ಮಗಳ ಮದುವೆ ಕಣಮ್ಮ. ನಿನ್ನ ಕೈಯಿಂದಲೇ ಆಗಲಿ."

"ಮಾವ, ನಾನು ಬರೆಯೋದು ಪುಸ್ತಕ ಚೆನ್ನಾಗಿದೆಯಾ ಇಲ್ವಾ ಅಂತ."

"ಹಂಗೇ ಬರಿ. ಹುಡುಗ ಚೆನ್ನಾಗವನೆ ಅಂತ ಬರಿ."

ವೀಳ್ಯ ತಂದವರನ್ನು ಬರಿಗೈಲಿ ಕಳಿಸೋದು ಹೇಗೆ? ಬರೆದುಕೊಟ್ಟೆ. ಪ್ರೆಸ್ಸಿನಿಂದ ಅಚ್ಚಾದ ಮಾದರಿ ಬಂದಾಗ ಓದಿ ನೋಡಿದೆ. ವರನ ಹೆಸರಿನ ಜಾಗದಲ್ಲಿ ಮಾವನ ಹೆಸರೇ ಕೂತಿತ್ತು! ಹಾರಿ ಬಿದ್ದು ಪ್ರೆಸ್ಸಿಗೆ ಓಡಿದೆ. ಪ್ರೆಸ್ಸಿನ ಯಜಮಾನರು ಬೆವರು ಒರೆಸಿಕೊಂಡು, ಇನ್ನು ಮೇಲೆ ಎಲ್ಲ ಪತ್ರಿಕೆಯನ್ನೂ ನೀನೇ ಓದಿ ತಿದ್ದಿಕೊಡು ಅಂತ ನನಗೆ ಕೆಲಸ ಕೊಟ್ಟರು. ಓದಿದ್ದಕ್ಕೆ ಕೈಗೆ ಬಂದ ಮೊದಲ ಸಂಬಳ ಅದು. ಎಷ್ಟು ಖುಷಿಯಾಯ್ತು ಅಂತೀರಿ!

ಮಾವನ ಹೆಂಡತಿ ಮಾತ್ರ ಇವತ್ತಿಗೂ ಕಂಡಲ್ಲಿ ನಿಲ್ಲಿಸಿ ಹೇಳ್ತಾರೆ: "ನೀನು ನೋಡದೇ ಇದ್ದಿದ್ರೆ ನನ್ನ ಸಂಸಾರ ಏನಾಗ್ತಿತ್ತೋ."

೩. ಊರಿಗೆ ಹೋಗಿ ಬರೋದು

ವಾರಕ್ಕೊಮ್ಮೆ ಚೀಲದಲ್ಲಿ ಪುಸ್ತಕ ತುಂಬಿಕೊಂಡು ಗೂಡಲೂರಿಗೆ ಹೋಗ್ತೀನಿ. ಅಲ್ಲಿ ಹತ್ತಾರು ಮನೆಯವರು ನನ್ನ ಗಿರಾಕಿಗಳು. ಒಂದು ಸಲ ಟೀ ಅಂಗಡೀಲಿ ಕೂತು ಕನ್ನಡ ಪುಸ್ತಕ ಓದ್ತಿದ್ದೆ. ಆ ದಾರೀಲಿ ಘಾಟಿ ಹತ್ತೋಕೆ ಹೊರಟಿದ್ದ ಶಬರಿಮಲೆ ಸ್ವಾಮಿಯೊಬ್ಬರು, ಮಂಡ್ಯದ ಕಡೆಯವರು, ಕಣ್ಣರಳಿಸಿ ಬಂದರು.

"ಕನ್ನಡದವರಾ! ಈ ಕಡೆಗೆ ಯಾವಾಗ ಬಂದ್ರಿ?"

"ನೂರಾರು ವರ್ಷ ಆಯ್ತು ಸ್ವಾಮಿ."

 ಅವರು ಬಹಳ ಮರುಕದಿಂದ ಕೇಳಿದರು: "ಪಾಪ, ಮಧ್ಯೆ ಒಂದ್ಸಲನೂ ರಜ ಸಿಗಲಿಲ್ವಾ?"

೪. ಪಂಚಾಯ್ತಿ

ಯಾವ ಉಪಾಯವೂ ನಡೀದೆ ಅಪ್ಪ ಒಂದು ದಿನ ಅವ್ವನನ್ನೇ ಆಟೋದಲ್ಲಿ ಕೋಣೆಗೆ ಕರಕೊಂಡು ಬಂದ.

"ಅವ್ವಾ, ನೀನೇ ತೀರ್ಮಾನ ಹೇಳು. ಇವಳ ಓದು ಮುಗಿದು ಎರಡು ವರ್ಷ ಆಯ್ತು. ಕೋಣೆ ಬಿಡು ಅನ್ನು."

 ಅವ್ವ ಬಿಡು ಅಂದರೆ ಬಿಡಲೇಬೇಕು, ಮುಂದೆ ಮಾತಿಲ್ಲ. ಅವ್ವನಿಗೆ ಒಂದಕ್ಷರ ಬರಲ್ಲ. ಸುತ್ತ ನಾಲ್ಕು ಗೋಡೆ ನಿಧಾನವಾಗಿ ನೋಡಿದಳು.

"ಇವನ್ನೆಲ್ಲ ಓದಿದ್ಯಾ ತಾಯಿ?"

"ಇಲ್ಲ ಅವ್ವ. ಕಾಲುಭಾಗ ಆಗಿರಬೇಕು."

ಅವ್ವ ಮಗನ ಕಡೆ ತಿರುಗಿದಳು. "ಮುಕ್ಕಾಲು ಹಂಗೇ ಅದೆ ಕಣೋ. ಓದು ಎಲ್ಲಿ ಮುಗೀತು?"

"ನಾನು ಹೇಳಿದ್ದು ಪರೀಕ್ಷೆ ಓದು!"

"ಓದು ಅಂದೆ. ಪರೀಕ್ಷೆ ಅನ್ನಲಿಲ್ಲ. ನಂಗೆ ಕಣ್ಣು ಮಂಜು, ಕಿವಿ ಚೆನ್ನಾಗದೆ."

ಅಪ್ಪನ ಮುಖ ಕೆಂಪಾಯ್ತು. ನನ್ನ ಹಟ ಬಂದದ್ದೇ ಅಪ್ಪನ ಕಡೆಯಿಂದ, ಸುಮ್ಮನೆ ಎದ್ದು ಹೋಗೋ ಆಸಾಮಿಯಲ್ಲ. "ಇವಳೊಬ್ಬಳೇ ಓದಿದ್ರೆ ಯಾವ ಕಾಲಕ್ಕೆ ಮುಗೀಬೇಕು? ಅರ್ಧ ನಾನೇ ಓದಿ ಮುಗಿಸ್ತೀನಿ!" ಅಂತ ಕೈಗೆ ಸಿಕ್ಕ ದಪ್ಪದೊಂದನ್ನು ಎಳೆದುಕೊಂಡು ಕೂತ. ಅದು ತಮಿಳಿನ ಪತ್ತೇದಾರಿ ನಾವಲ್.

ಮೊದಲ ದಿನ ಬೈಕೊಂಡು ಹತ್ತು ಪುಟ ಓದಿದ. ಎರಡನೇ ದಿನ ಬೈಗುಳ ನಿಂತಿತು. ಮೂರನೇ ದಿನ ಬಾಳೆ ಲಾರಿ ಬಂದು ಹಾರನ್ ಹೊಡೆದರೂ ಏಳಲಿಲ್ಲ. ವಾರಕ್ಕೆ ಮುಗಿಸಿ, ಕನ್ನಡಕ ತೆಗೆದು ನನ್ನ ಮೇಲೆ ಎಗರಿದ.

"ಏನೇ ಇದು ಅನ್ಯಾಯ? ಕೊಲೆ ಮಾಡಿದ್ದು ಯಾರು ಅಂತ ಹೇಳದೇ ಮುಗಿಸವನೆ!"

"ಇದು ಮೊದಲನೇ ಭಾಗ ಅಪ್ಪ. ಇನ್ನೂ ಎರಡು ಅವೆ."

"ಎಲ್ಲವೆ? ಕೊಡು."

"ತರಿಸಿಲ್ಲ. ತರಿಸಿದ್ರೆ ಓದು ಇನ್ನೂ ಜಾಸ್ತಿ ಆಗ್ತದೆ. ಆಮೇಲೆ ನಿನ್ನ ಬಾಳೆಗೊನೆಗೆ ಕೋಣೆ..."

"ಬಾಳೆಗೊನೆ ಗಿಡದಲ್ಲೇ ಹಣ್ಣಾಗ್ಲಿ ಬಿಡು! ನೀನು ಮೊದಲು ಅವೆರಡು ತರಿಸು!"